ಮಸ್ಕತ್ತಿನ ಮಾರ್ಕ್ಸ್ ಕಾರ್ಡು, ಶಿಕಾರಿಪುರದ ಸೀಲು

ಹೊರದೇಶದಲ್ಲಿ ಓದಿದವರ ಕಾಗದಗಳು ನಮ್ಮ ಕಾಲೇಜಿನ ಆಫೀಸಿಗೆ ಬಂದರೆ ಏನಾದರೊಂದು ಆಗಿಯೇ ಆಗುತ್ತದೆ. ಹೋದ ವರ್ಷವೂ ಆಯಿತು, ಅದರ ಹಿಂದಿನ ವರ್ಷವೂ ಆಯಿತು. ಈ ವರ್ಷ ಆಗಲಿಕ್ಕಿಲ್ಲ ಎಂದು ನಮ್ಮಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ನಾನಂತೂ ಅಡ್ಮಿಷನ್ ಶುರುವಾದ ದಿನದಿಂದ ಊಟದ ಡಬ್ಬಿ ದೊಡ್ಡದನ್ನೇ ತರುತ್ತೇನೆ.

ನಾನು ಶಿಕಾರಿಪುರದ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವನು. ಮನೆ ಸೊರಬದಲ್ಲಿ. ಪಾಠದ ಜತೆಗೆ 'ವಿದೇಶಿ ದಾಖಲಾತಿ ಸಂಚಾಲಕ' ಎಂಬ ಬಿರುದೂ ನನಗಿದೆ. ಇದಕ್ಕೆ ನನ್ನ ಅರ್ಹತೆ ಇಷ್ಟೇ: ಸಿಬ್ಬಂದಿಯಲ್ಲಿ ಪಾಸ್‌ಪೋರ್ಟ್ ಇರುವವನು ನಾನೊಬ್ಬನೇ. ಆ ಪಾಸ್‌ಪೋರ್ಟಿನಲ್ಲಿ ಇವತ್ತಿನವರೆಗೆ ಒಂದು ಠಸ್ಸೆಯೂ ಬಿದ್ದಿಲ್ಲ. ಇದನ್ನು ಪ್ರಿನ್ಸಿಪಾಲರಿಗೆ ಹೇಳಿದೆ.

"ಒಳ್ಳೇದೇ ಆಯ್ತಲ್ಲ. ಯಾವ ದೇಶದ ಮೇಲೂ ನಿಮಗೆ ಪಕ್ಷಪಾತ ಇಲ್ಲ" ಎಂದರು.

ಈ ಸಲದ್ದು ಮಸ್ಕತ್ತಿನ ಕೇಸು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬರು ಸೀಟ್ ಕವರ್ ಅಂಗಡಿ ಇಟ್ಟಿದ್ದಾರೆ. ಬೈಕು, ಆಟೋ, ಟ್ರ್ಯಾಕ್ಟರ್, ಯಾವುದರ ಸೀಟಾದರೂ ಸರಿ, ರೆಕ್ಸಿನ್ ಹಾಕಿ ಹೊಲಿದುಕೊಡುತ್ತಾರೆ. ಇದಕ್ಕೆ ಮುಂಚೆ ಬಹಳ ವರ್ಷ ಮಸ್ಕತ್ತಿನ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ಬಸ್ ಓಡಿಸುತ್ತಿದ್ದರು. ನೌಕರರ ಮಕ್ಕಳಿಗೆ ಅಲ್ಲಿ ಫೀಸಿನಲ್ಲಿ ರಿಯಾಯಿತಿ ಇತ್ತು. ಹಾಗಾಗಿ ದೊಡ್ಡ ಮಗಳು ಅಲ್ಲೇ ಶಾಲೆ ಮುಗಿಸಿ, ಅದೇ ಸಂಸ್ಥೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷವನ್ನೂ ಮುಗಿಸಿದಳು. ಚಿಕ್ಕವಳು ಅಜ್ಜಿಯ ಜತೆ ಊರಲ್ಲೇ ಇದ್ದು ಇಲ್ಲೇ ಪಿಯುಸಿ ಮಾಡಿದಳು. ಅಪ್ಪ ಮಸ್ಕತ್ ಬಿಟ್ಟು ಬಂದ ಮೇಲೆ ಇಬ್ಬರನ್ನೂ ನಮ್ಮ ಕಾಲೇಜಿಗೆ ಕರೆತಂದರು.

ಚಿಕ್ಕವಳಿಗೆ ಬಿ.ಎಸ್ಸಿ. ಮೊದಲ ವರ್ಷದ ಸೀಟು ಅರ್ಧ ಗಂಟೆಯಲ್ಲಿ ಸಿಕ್ಕಿತು. ದೊಡ್ಡವಳಿಗೆ ಬೇಕಾದದ್ದು ಎರಡನೇ ವರ್ಷ. ಮಸ್ಕತ್ತಿನಲ್ಲಿ ಓದಿದ ವರ್ಷವನ್ನು ನಮ್ಮವರು ಲೆಕ್ಕಕ್ಕೆ ಹಿಡಿದರೆ ಅದು ಸಿಗುತ್ತದೆ. ಹಿಡಿಯದಿದ್ದರೆ ಅವಳು ಮತ್ತೆ ಮೊದಲ ವರ್ಷಕ್ಕೇ ಕೂರಬೇಕು. ಅಂದರೆ ತಂಗಿಯ ಕ್ಲಾಸು, ತಂಗಿಯ ಬೆಂಚು.

ಅವರ ಮನೆಮಾತು ಉರ್ದು, ಅಕ್ಕನಿಗೆ ಆಪಾ, ಅಪ್ಪನಿಗೆ ಅಬ್ಬಾ ಅನ್ನುತ್ತಾರೆ. ಜಗಳ ಮಾತ್ರ ಕನ್ನಡದಲ್ಲಿ, ಸುತ್ತ ನಿಂತವರಿಗೂ ಅರ್ಥವಾಗಬೇಕಲ್ಲ. ತಂಗಿ ನನ್ನ ಎದುರಿಗೇ ಶುರು ಮಾಡಿದಳು.

"ಆಪಾ, ಕಿಟಕಿ ಪಕ್ಕದ ಜಾಗ ನಂದು. ಈಗಲೇ ಹೇಳಿರ್ತೀನಿ. ನೋಟ್ಸ್ ಬೇಕಾದ್ರೆ ನನ್ನದೇ ಕೊಡ್ತೀನಿ, ಸ್ವಲ್ಪ ಗೌರವವಾಗಿ ಕೇಳಬೇಕು."

ಅಕ್ಕ ಅವಳ ಕಡೆ ನೋಡಲೂ ಇಲ್ಲ. ನನ್ನನ್ನು ಕೇಳಿದಳು. "ಸರ್, ಏನೇನು ಬೇಕು ಹೇಳಿ. ತರ್ತೀನಿ. ಇವಳ ಪಕ್ಕ ಮಾತ್ರ ನಾನು ಕೂರಲ್ಲ."

ಅವಳು ಒಂದು ಪಟ್ಟಿಯನ್ನು ನಿರೀಕ್ಷಿಸಿದ್ದಳು. ನಮ್ಮ ಆಫೀಸು ಇನ್ನೂ ಅವಳಿಗೆ ಪರಿಚಯವಾಗಿರಲಿಲ್ಲ.

ಬಿಟ್ಟಿದ್ದಕ್ಕೆ ಏನು ಸಾಕ್ಷಿ?

ನಮ್ಮ ಆಫೀಸ್ ಸೂಪರಿಂಟೆಂಡೆಂಟರು ಯಾವ ಕಾಗದ ಕೊಟ್ಟರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತಾರೆ. ಹಿಂಬದಿ ಖಾಲಿ ಇದ್ದರೆ ಅವರಿಗೆ ಅನುಮಾನ ಬರುತ್ತದೆ. ಏನಾದರೂ ಬರೆದಿದ್ದರೆ ಇನ್ನೂ ಜಾಸ್ತಿ ಬರುತ್ತದೆ.

"ಟಿ.ಸಿ. ಎಲ್ಲಿ?" ಎಂದರು.

"ಅಲ್ಲಿ ಟಿ.ಸಿ. ಕೊಡೋ ಪದ್ಧತಿ ಇಲ್ಲ ಸರ್" ಎಂದಳು ಹುಡುಗಿ.

"ಟಿ.ಸಿ. ಇಲ್ದೆ ಹೆಂಗವ್ವಾ ಕಾಲೇಜು ಬಿಟ್ಟೆ?"

"ಬಿಡ್ತೀನಿ ಅಂತ ಮೇಲ್ ಮಾಡಿದೆ. ಸರಿ, ಒಳ್ಳೇದಾಗಲಿ ಅಂದ್ರು. ಬಂದೆ."

ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿದರು. "ಕೇಳಿದ್ರೇನ್ರೀ? ಹೇಳಿ ಬಂದ್ಳಂತೆ. ಮದುವೆ ಮನೆಯಿಂದ ಎದ್ದು ಬಂದಂಗೆ."

ಮಸ್ಕತ್ತಿನ ಕಾಲೇಜಿಗೆ ನಾನೇ ಬರೆದೆ. ಮರುದಿನವೇ ಉತ್ತರ ಬಂತು: ವಿದ್ಯಾರ್ಥಿನಿ ಹೊರಟುಹೋದದ್ದು ನಮ್ಮ ದಾಖಲೆಯಲ್ಲಿದೆ, ಹೊರಡುವುದಕ್ಕೆ ಪ್ರಮಾಣಪತ್ರದ ಅಗತ್ಯವಿಲ್ಲ. ಸೂಪರಿಂಟೆಂಡೆಂಟರು ಅದನ್ನೂ ತಿರುಗಿಸಿ ನೋಡಿದರು.

"ಅಲ್ಲೂ ಹೆಸರು ಇರ್ತದೆ, ಇಲ್ಲೂ ಹೆಸರು ಇರ್ತದೆ. ಎರಡೂ ಕಡೆ ಹಾಜರಿ ತಗೊಂಡ್ರೆ?"

"ಮಸ್ಕತ್ತಿಗೂ ಶಿಕಾರಿಪುರಕ್ಕೂ ನಡುವೆ ಸಮುದ್ರ ಇದೆ ಸರ್" ಎಂದೆ.

"ಶಿರಾಳಕೊಪ್ಪದ ಹುಡುಗ ಒಬ್ಬ ಹಂಗೇ ಎರಡು ಕಾಲೇಜಲ್ಲಿ ಓದಿ ನಮ್ಮನ್ನ ಯಾಮಾರಿಸಿದ್ದ. ನಿಮಗೆ ಗೊತ್ತಿಲ್ಲ."

"ಅವನು ಬಸ್ಸಲ್ಲಿ ಓಡಾಡಿದ್ದ."

"ಇವರಪ್ಪ ಬಸ್ ಡ್ರೈವರೇ ಅಲ್ವೇನ್ರೀ?"

ಕೊನೆಗೆ ಛಾಪಾ ಕಾಗದದ ಮೇಲೆ ಅಪ್ಪನಿಂದ ಒಂದು ಪ್ರಮಾಣ ಬರೆಸುವುದೆಂದಾಯಿತು: ನನ್ನ ಮಗಳು ಈಗ ಮಸ್ಕತ್ತಿನಲ್ಲಿ ಓದುತ್ತಿಲ್ಲ. ನೋಟರಿ ವಕೀಲರು ಇಬ್ಬರು ಸಾಕ್ಷಿ ಬೇಕು ಎಂದರು. ಅಪ್ಪ ಅಂಗಡಿಗೆ ಹೋಗಿ ಅಲ್ಲಿದ್ದವರನ್ನೇ ಕರೆತಂದರು. ಒಬ್ಬರು ಟ್ರ್ಯಾಕ್ಟರ್ ಸೀಟು ಹೊಲಿಸಲು ಬಂದಿದ್ದ ಬಂದಳಿಕೆಯ ರೈತರು. ಇನ್ನೊಬ್ಬರು ಕುಬಟೂರಿನವರು, ಅವರ ಬೈಕಿನ ಸೀಟು ಬಿಚ್ಚಿಟ್ಟಿದ್ದರಿಂದ ಎಲ್ಲಿಗೂ ಹೋಗುವಂತಿರಲಿಲ್ಲ.

"ಹುಡುಗಿ ಮಸ್ಕತ್ತಿನಲ್ಲಿ ಇಲ್ಲ ಅಂತ ನೀವು ಕಣ್ಣಾರೆ ಕಂಡಿದೀರಾ?" ಎಂದು ವಕೀಲರು ನಿಯಮದಂತೆ ಕೇಳಿದರು.

ಬಂದಳಿಕೆಯವರು ಪಕ್ಕದಲ್ಲೇ ನಿಂತಿದ್ದ ಹುಡುಗಿಯನ್ನು ನೋಡಿದರು. ವಕೀಲರನ್ನು ನೋಡಿದರು. "ಕಂಡೀವಿ. ಅಲ್ಲಿಗೆ ಹೋಗಿ ಬೇರೆ ನೋಡ್ಬೇಕೇನು?"

ಗ್ರೇಸ್

ಅವಳು ಪ್ರಿಂಟ್ ತೆಗೆದು ತಂದಿದ್ದ ಮಾರ್ಕ್ಸ್ ಕಾರ್ಡಿನಲ್ಲಿ ಅಂಕಗಳಿರಲಿಲ್ಲ, ಅಕ್ಷರಗಳಿದ್ದವು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರ ಮುಂದೆಯೂ 'ಎ', ಅದರ ಪಕ್ಕ ಒಂದು ಪುಟ್ಟ ನಕ್ಷತ್ರ. ಆ ಪದ್ಧತಿಯಲ್ಲಿ ಅದಕ್ಕಿಂತ ಮೇಲಿನ ದರ್ಜೆಯೇ ಇಲ್ಲ. ನಮ್ಮ ಕಡೆ ಅಂಕದ ಪಕ್ಕ ನಕ್ಷತ್ರ ಹಾಕಿದರೆ ಲೆಕ್ಕವೇ ಬೇರೆ. ಅಭ್ಯರ್ಥಿ ನಪಾಸಾಗಿದ್ದ, ಮೇಲಿನವರು ಗ್ರೇಸ್ ಅಂಕ ಕೊಟ್ಟು ದಡ ಹತ್ತಿಸಿದ್ದಾರೆ ಎಂದು ಅರ್ಥ.

ಸೂಪರಿಂಟೆಂಡೆಂಟರು ಕನ್ನಡಕ ಏರಿಸಿ ನೋಡಿ ದನಿ ತಗ್ಗಿಸಿದರು. ಸಾವಿನ ಮನೆಯಲ್ಲಿ ಮಾತಾಡುವ ದನಿ.

"ಪಾಪ. ಎಲ್ಲದ್ರಲ್ಲೂ ಗ್ರೇಸು."

ಅಪ್ಪ ಇಣುಕಿ ಚುಕ್ಕೆಗಳನ್ನು ಎಣಿಸಿದರು. ಮಗಳ ಕಡೆ ತಿರುಗಿದರು. "ಬೆಳಗ್ಗೆ ಕತ್ತಲಲ್ಲಿ ಎದ್ದು ಬಸ್ ತೊಳೆದು ಓದಿಸಿದೀನಿ. ಎಲ್ಲದ್ರಲ್ಲೂ ಗ್ರೇಸಾ? ಅಲ್ಲಿ ಟೀಚರ್‌ಗಳೆಲ್ಲ ನಿನ್ನ ನೋಡಿ ನಗ್ತಾ ಇದ್ದದ್ದು ಇದಕ್ಕೇನಾ?"

"ಅಬ್ಬಾ, ಅದು ಟಾಪ್ ಗ್ರೇಡ್."

"ಸುಮ್ನಿರು. ಇಷ್ಟು ವರ್ಷ ಸರ್ವಿಸ್ ಆದವರು ಹೇಳ್ತಿದಾರೆ."

ನಾನು ನಡುವೆ ಬಾಯಿ ಹಾಕಿ ನಕ್ಷತ್ರದ ಅರ್ಥವನ್ನು ವಿವರಿಸಿದೆ. ಆ ಕಾಲೇಜಿನವರೇ ಬರೆದ ವಿವರಣೆಯನ್ನು ಫೋನಿನಲ್ಲಿ ತೋರಿಸಿದೆ. ಸೂಪರಿಂಟೆಂಡೆಂಟರು ಫೋನನ್ನು ತಿರುಗಿಸಿ ಹಿಂಬದಿ ನೋಡಿ ವಾಪಸು ಕೊಟ್ಟರು.

"ನೀವು ಹೇಳೋದು ನಿಜಾನೇ ಇರಬಹುದು. ನಾಳೆ ಆಡಿಟ್‌ನವ್ರು ಬಂದು ಇದೇನ್ರೀ ಚುಕ್ಕೆ ಅಂದ್ರೆ ನಿಮ್ಮ ಫೋನ್ ಎಲ್ಲಿ ಹುಡುಕ್ಲಿ?"

ಆಮೇಲೆ ಅವರ ಬೆರಳು ಕಾರ್ಡಿನ ಕೆಳಗಿನ ಸಾಲಿಗೆ ಬಂದು ನಿಂತಿತು. ಚಿತ್ರಕಲೆ. ಅಲ್ಲಿದ್ದದ್ದು ಬರೀ 'ಸಿ'. ಪಕ್ಕದಲ್ಲಿ ಏನೂ ಇಲ್ಲ. ಮುಖ ಅರಳಿತು. ಅಪ್ಪನ ಭುಜ ತಟ್ಟಿದರು.

"ಇಲ್ನೋಡ್ರಿ. ಚುಕ್ಕೆ ಇಲ್ಲ. ಇದೊಂದು ಸ್ವಂತ ಬಲದ ಮೇಲೆ ಪಾಸಾಗ್ಯಾಳೆ. ಸೈನ್ಸ್ ಯಾಕ್ ಬೇಕು, ಡ್ರಾಯಿಂಗಿಗೆ ಹಾಕ್ರಿ."

ನಡತೆ

ನಮ್ಮ ಟಿ.ಸಿ.ಯಲ್ಲಿ ನಡತೆ ಎಂಬ ಒಂದು ಕಾಲಮ್ಮು ಇರುತ್ತದೆ. ಅದರಲ್ಲಿ ಎಲ್ಲರಿಗೂ 'ಉತ್ತಮ' ಎಂದೇ ಬರೆಯುತ್ತಾರೆ. ಕಾಲೇಜಿನ ಕಿಟಕಿ ಗಾಜು ಒಡೆದವನಿಗೂ ಉತ್ತಮ. ಬೇಗ ಹೋಗಲಿ ಎಂಬ ಆಸೆಯಿಂದ ಅಂಥ ಒಬ್ಬನಿಗೆ 'ಅತ್ಯುತ್ತಮ' ಬರೆದದ್ದೂ ಉಂಟು. ಹುಡುಗಿಗೆ ಟಿ.ಸಿ.ಯೇ ಇಲ್ಲವಾದ್ದರಿಂದ ನಡತೆಯೂ ಇರಲಿಲ್ಲ. ಅದನ್ನು ಬೇರೆಯಾಗಿ ತರಿಸಿ ಎಂದರು ಪ್ರಿನ್ಸಿಪಾಲರು.

ಮಸ್ಕತ್ತಿನ ಅವಳ ಭೌತಶಾಸ್ತ್ರದ ಮೇಡಂ ಉದ್ದದ ಪತ್ರ ಕಳಿಸಿದರು. ಪ್ರಿನ್ಸಿಪಾಲರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾ ಹೋದರು. ಕಾರಣ ಕೊಡದೆ ಯಾವ ಉತ್ತರ ಹೇಳಿದರೂ ಈ ಹುಡುಗಿ ಒಪ್ಪುವುದಿಲ್ಲ. ಶಿಕ್ಷಕರ ಮಾತನ್ನು ಪ್ರಶ್ನಿಸುತ್ತಾಳೆ. ಇವಳ ತರಗತಿಗೆ ನಾವು ಹೆಚ್ಚು ಓದಿಕೊಂಡು ಹೋಗಬೇಕಾಗುತ್ತಿತ್ತು.

ಅಲ್ಲಿಗೆ ನಿಲ್ಲಿಸಿದರು. "ಏನಮ್ಮಾ, ಅವರಿಗೆ ಇಷ್ಟೊಂದು ತೊಂದರೆ ಕೊಟ್ಟಿದೀಯಾ?"

"ಸರ್, ಅವರು ಹೊಗಳಿದಾರೆ."

"ನೋಡಿದ್ರಾ?" ಎಂದು ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಪತ್ರದಲ್ಲಿ ಬರೆದದ್ದು ನಿಜಾನೇ."

ಅಪ್ಪ ನಡುವೆ ಬಂದು ವಿಷಯವನ್ನು ಇನ್ನಷ್ಟು ಹದಗೆಡಿಸಿದರು. "ಮನೇಲೂ ಹಿಂಗೇ ಸರ್. ಅವ್ರು ಸುಳ್ಳು ಬರೆಯೋ ಮೇಡಂ ಅಲ್ಲ."

ಕೊನೆಗೆ ಪ್ರಿನ್ಸಿಪಾಲರೇ ಒಂದು ವಾಕ್ಯ ಬರೆದುಕೊಟ್ಟರು. 'ಇವಳ ನಡತೆ ತೃಪ್ತಿಕರವಾಗಿತ್ತು.' ಇದಕ್ಕೆ ಸಹಿ ಮಾಡಿ ಕಳಿಸಿದರೆ ಸಾಕು ಎಂದು ನಾನು ಮಸ್ಕತ್ತಿಗೆ ಬರೆದೆ. ಮೇಡಂ ಬೇಜಾರು ಮಾಡಿಕೊಂಡರು. ಇಷ್ಟು ಒಳ್ಳೆಯ ವಿದ್ಯಾರ್ಥಿನಿಗೆ ಬರೀ ತೃಪ್ತಿಕರ ಎಂದು ಬರೆದು ಅವಮಾನ ಮಾಡಲಾರೆ, ಸಹಿ ಹಾಕುವುದಿಲ್ಲ ಎಂದು ಉತ್ತರಿಸಿದರು.

ಮರುದಿನ ಫೈಲು ತೆಗೆದರೆ ಸೂಪರಿಂಟೆಂಡೆಂಟರ ಚೊಕ್ಕ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು: 'ನಡತೆ ತೃಪ್ತಿಕರವೆಂದು ಬರೆದುಕೊಡಲು ಸದರಿ ಸಂಸ್ಥೆಯು ಸ್ಪಷ್ಟವಾಗಿ ನಿರಾಕರಿಸಿದೆ.'

ಒಂದಕ್ಷರವೂ ತಪ್ಪಿಲ್ಲ. ಈ ಟಿಪ್ಪಣಿ ವಿಶ್ವವಿದ್ಯಾಲಯದವರೆಗೆ ಹೋದರೆ ಹುಡುಗಿಗೆ ಎರಡನೇ ವರ್ಷವೂ ಇಲ್ಲ, ಮೊದಲನೆಯದೂ ಇಲ್ಲ. ನಾನು ಕೂತು ಮೇಡಂ ಬರೆದ ಮೊದಲ ಪತ್ರವನ್ನು ಕನ್ನಡಕ್ಕೆ ಅನುವಾದಿಸಿದೆ. ಪತ್ರ ಎರಡು ಪುಟ ಇತ್ತು. ಅನುವಾದ ಎರಡು ಪದ: 'ನಡತೆ ಉತ್ತಮ.' ಕೆಳಗೆ ಅನುವಾದಕನ ಸಹಿ ಹಾಕಿ, ಆ ಟಿಪ್ಪಣಿ ಮುಚ್ಚುವಂತೆ ಫೈಲಿಗೆ ಸೇರಿಸಿದೆ.

ಪ್ರಿನ್ಸಿಪಾಲರು ಓದಿ ಸಂತೋಷಪಟ್ಟರು. "ಇದನ್ನೇ ಇಂಗ್ಲಿಷ್‌ನಲ್ಲಿ ಬರೆಯೋಕೆ ಆ ಮೇಡಂಗೆ ಎಷ್ಟು ಕಷ್ಟ ಆಗಿದೆ ನೋಡಿ."

ಒರಿಜಿನಲ್

ಮಸ್ಕತ್ತಿನವರು ಅಂಕಪಟ್ಟಿಯನ್ನು ಕಾಗದದಲ್ಲಿ ಕೊಡುವುದನ್ನು ನಿಲ್ಲಿಸಿದ್ದಾರೆ. ಒಂದು ಲಿಂಕ್ ಕಳಿಸುತ್ತಾರೆ, ಬೇಕಾದವರು ತೆರೆದು ನೋಡಬಹುದು. ನಮ್ಮಲ್ಲಿ ಗುಂಡಗಿನ ಸೀಲು ಇಲ್ಲದ್ದು ಕಾಗದವೇ ಅಲ್ಲ. ಈ ಪ್ರಿಂಟಿಗೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಮಾಡಿಸಿ ಎಂದರು ಸೂಪರಿಂಟೆಂಡೆಂಟರು.

ನನಗೆ ಗೊತ್ತಿರುವ ಗೆಜೆಟೆಡ್ ಅಧಿಕಾರಿ ಒಬ್ಬನೇ. ಸೊರಬದ ಪಶು ವೈದ್ಯ, ನನ್ನ ಹೈಸ್ಕೂಲಿನ ಸಹಪಾಠಿ. ಅಪ್ಪ ಮತ್ತು ಮಗಳು ಬೈಕಿನಲ್ಲಿ ಸೊರಬಕ್ಕೆ ಬಂದರು. ನಾನು ಆಸ್ಪತ್ರೆಯ ಗೇಟಿನಲ್ಲೇ ಕಾಯುತ್ತಿದ್ದೆ. ಡಾಕ್ಟರು ಹಿತ್ತಲಲ್ಲಿ ಒಂದು ಎಮ್ಮೆಯ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ಕೈ ತೊಳೆದು ಬಂದು ಪ್ರಿಂಟ್ ಕೈಗೆತ್ತಿಕೊಂಡ.

"ಒರಿಜಿನಲ್ ತೋರಿಸಿ ಮಾರಾಯ್ರೆ. ಅದನ್ನ ನೋಡದೆ ನಾನು ಸೀಲು ಒತ್ತಲ್ಲ."

"ಒರಿಜಿನಲ್ ಫೋನಲ್ಲಿದೆ" ಎಂದಳು ಹುಡುಗಿ.

"ಫೋನಲ್ಲಿರೋದು ನಕಲು. ಒರಿಜಿನಲ್ ಎಲ್ಲಿ?"

"ಫೋನಲ್ಲಿರೋದೇ ಒರಿಜಿನಲ್ ಸರ್. ಕಾಗದದಲ್ಲಿರೋದು ನಕಲು."

ಡಾಕ್ಟರು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಾಗದ ಹಿಡಿದು ಸಾಲು ಸಾಲಾಗಿ ಹೋಲಿಸಿದ. ಎಮ್ಮೆಯ ಯಜಮಾನರೂ ಬಂದು ಹೆಗಲ ಮೇಲಿಂದ ಇಣುಕಿದರು. ಎಲ್ಲ ಸರಿ ಇತ್ತು. ಸೀಲು ಒತ್ತಿದ. ಬೆರಳಿಂದ ಮುಟ್ಟಿ ನೋಡಿದ. ಸೀಲು ಬೆರಳಿಗೇ ಬಂತು.

"ಏನಿದು? ಪ್ಲಾಸ್ಟಿಕ್ಕು!"

ಅಪ್ಪ ಹೆಮ್ಮೆಯಿಂದ ಹೇಳಿದರು. "ಲ್ಯಾಮಿನೇಷನ್ ಮಾಡಿಸಿದೀನಿ ಸರ್. ಮಳೆಗಾಲ, ದಾರೀಲಿ ನೆನೀಬಾರದು ಅಂತ."

ಅವರ ಕಸುಬೇ ಅದು. ಯಾವುದನ್ನು ಕಂಡರೂ ಮೇಲೊಂದು ಕವರ್ ಹಾಕಬೇಕು ಅನಿಸುತ್ತದೆ. ಸೊರಬದ ಬಸ್ ಸ್ಟ್ಯಾಂಡಿನ ಎದುರು ಹೊಸ ಪ್ರಿಂಟ್ ತೆಗೆಸಿದೆವು. ಡಾಕ್ಟರು ಹೊಸದಾಗಿ ಸೀಲು ಒತ್ತಿದ. ಗುಂಡಗೆ, ನೇರಳೆ ಬಣ್ಣದಲ್ಲಿ, ಪಶು ವೈದ್ಯಾಧಿಕಾರಿ ಎಂದು ಚೆನ್ನಾಗಿ ಮೂಡಿತು. ಅದೇ ಅಂಗಡಿಯಲ್ಲಿ ನಮ್ಮ ಕಾಲೇಜಿನ ಅರ್ಜಿ ಫಾರಂನದ್ದೂ ಒಂದು ಪ್ರತಿ ತೆಗೆಸಿ, ನಾಳೆ ತುಂಬಿಸಿ ತನ್ನಿ ಎಂದು ಅಪ್ಪನ ಕೈಗೆ ಕೊಟ್ಟೆ.

ಮರುದಿನ ಅಪ್ಪ ಆಫೀಸಿಗೆ ಬಂದರು. ಮೊದಲು ಅಂಕಪಟ್ಟಿ ತೆಗೆದರು. ಸೀಲು ಅಳಿಸಬಾರದೆಂದು ಅದಕ್ಕೆ ಮತ್ತೆ ಲ್ಯಾಮಿನೇಷನ್ ಮಾಡಿಸಿದ್ದರು. ಇರಲಿ, ಒಳಗಿದ್ದ ಸೀಲು ಕಾಣುತ್ತಿತ್ತು, ಸೂಪರಿಂಟೆಂಡೆಂಟರು ಒಪ್ಪಿದರು.

"ಅರ್ಜಿ ಎಲ್ಲಿ?"

ಅಪ್ಪ ಅರ್ಜಿಯನ್ನೂ ತೆಗೆದರು. ಅದು ಫಳಫಳ ಹೊಳೆಯುತ್ತಿತ್ತು.

"ತುಂಬೋಕೆ ಆಗ್ಲಿಲ್ಲ ಸರ್. ಪೆನ್ನು ಜಾರ್ತದೆ."

ಭೌತಶಾಸ್ತ್ರದಲ್ಲಿ ಪರೀಕ್ಷೆ

ಇನ್ನೊಂದು ಫಾರಂ ತುಂಬಿಸಿದ ಮೇಲೆ ಫೈಲು ವಿಶ್ವವಿದ್ಯಾಲಯಕ್ಕೆ ಹೋಯಿತು. ಮಸ್ಕತ್ತಿನ ಪಾಠಪಟ್ಟಿ ನಮ್ಮದಕ್ಕೆ ಸಮ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಅಲ್ಲೊಂದು ಸಮಿತಿ ಇದೆ. ಹುಡುಗಿಯನ್ನೂ ಕರೆತನ್ನಿ, ಪರೀಕ್ಷಿಸುತ್ತೇವೆ ಎಂದು ತಿಳಿಸಿದ್ದರು. ನಾವು ಮೂವರು ಬೆಳಗಿನ ಬಸ್ಸು ಹತ್ತಿದೆವು. ಹುಡುಗಿ ದಾರಿಯುದ್ದಕ್ಕೂ ಭೌತಶಾಸ್ತ್ರ ಓದಿದಳು. ಅಪ್ಪ ಡ್ರೈವರ್ ಗೇರು ಬದಲಿಸುವುದನ್ನು ನೋಡಿ ತಲೆ ಅಲ್ಲಾಡಿಸುತ್ತಾ ಬಂದರು.

ಸಮಿತಿಯಲ್ಲಿ ಇಬ್ಬರು ಪ್ರಾಧ್ಯಾಪಕರಿದ್ದರು. ಅಧ್ಯಕ್ಷರು ಮಸ್ಕತ್ತಿನ ಪಾಠಪಟ್ಟಿಯನ್ನು ಒಂದು ಕೈಯಲ್ಲೂ ನಮ್ಮದನ್ನು ಇನ್ನೊಂದು ಕೈಯಲ್ಲೂ ಹಿಡಿದು ಸ್ವಲ್ಪ ಮೇಲೆ ಕೆಳಗೆ ಆಡಿಸಿದರು.

"ಅವರದ್ದೇ ದಪ್ಪ ಇದೆ. ಆಗಬಹುದು." ಆಮೇಲೆ ಅಪ್ಪನನ್ನು ಕೇಳಿದರು. "ಮಸ್ಕತ್ತಲ್ಲಿ ಈಗ ಡ್ರೈವರ್ ಕೆಲಸಕ್ಕೆ ಎಷ್ಟು ಕೊಡ್ತಾರೆ? ನನ್ನ ಹೆಂಡತಿ ತಮ್ಮ ಒಬ್ಬ ಮನೇಲೇ ಕೂತಿದಾನೆ."

ವೀಸಾ, ಸೆಕೆ, ಊಟ, ಎಲ್ಲ ವಿಚಾರವಾಯಿತು. ಅಧ್ಯಕ್ಷರು ಪೆನ್ನು ತೆಗೆದು ಸಹಿ ಹಾಕಲು ಬಾಗಿದರು. ಎಲ್ಲ ಮುಗಿದಿತ್ತು. ಆಗ ಹುಡುಗಿ ಬಾಯಿ ಬಿಟ್ಟಳು.

"ಸರ್, ನೀವು ಫಿಸಿಕ್ಸ್ ಕೇಳಲೇ ಇಲ್ಲ."

ನಾನು ಮೇಜಿನ ಕೆಳಗೆ ಅವಳ ಕಾಲು ಹುಡುಕಿ ತುಳಿದೆ. ಅದು ಅಪ್ಪನ ಕಾಲಾಗಿತ್ತು.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಫಿಸಿಕ್ಸ್‌ನವರು ರಜದಲ್ಲಿದಾರಮ್ಮ. ನಾನು ವಾಣಿಜ್ಯ, ಇವರು ಇತಿಹಾಸ. ಏನು ಕೇಳೋಣ?"

"ಏನಾದ್ರೂ ಕೇಳಿ ಸರ್. ಸುಮ್ನೆ ಪಾಸ್ ಮಾಡಿದ್ರು ಅಂತ ನನ್ನ ತಂಗಿ ಜೀವಮಾನ ಪೂರ್ತಿ ಹೇಳ್ತಾಳೆ."

ಇತಿಹಾಸದವರು ಕುರ್ಚಿಯಲ್ಲಿ ನೆಟ್ಟಗಾದರು. ಬಹಳ ದಿನಗಳ ಮೇಲೆ ಅವರನ್ನು ಯಾರೋ ಕೇಳುವವರು ಸಿಕ್ಕಿದ್ದರು. "ನಿಮ್ಮ ಕಡೆಯದೇ ಕೇಳ್ತೀನಿ. ಬಂದಳಿಕೆಯ ದೇವಸ್ಥಾನ ಯಾರ ಕಾಲದ್ದು?"

"ಯಾವ ದೇವಸ್ಥಾನ ಸರ್? ಅಲ್ಲಿ ಒಂದೇ ಇಲ್ವಲ್ಲ. ಅಬ್ಬಾ ಜತೆ ಹೋಗಿದ್ದೆ, ಬೇಕಾದಷ್ಟಿವೆ."

ಇತಿಹಾಸದವರು ಬಂದಳಿಕೆಗೆ ಹೋಗಿರಲಿಲ್ಲ ಎಂಬುದು ಆ ಕ್ಷಣದಲ್ಲಿ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅವರು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ತಕ್ಷಣ ಸಹಿ ಹಾಕಿದರು. ಹೊರಗೆ ಬರುವ ಮುಂಚೆ ನಡಾವಳಿಯನ್ನು ನನಗೆ ಓದಲು ಕೊಟ್ಟರು.

'ವಿದ್ಯಾರ್ಥಿನಿಯನ್ನು ಭೌತಶಾಸ್ತ್ರದಲ್ಲಿ ಕೂಲಂಕಷವಾಗಿ ಪರೀಕ್ಷಿಸಲಾಗಿ, ಆಕೆಯ ಉತ್ತರಗಳಿಂದ ಸಮಿತಿಗೆ ಸಮಾಧಾನವಾಗಿರುತ್ತದೆ.'

ಹೋದ ವರ್ಷ

ಸಮಿತಿಯ ಸಹಿ ಬಿದ್ದರೂ ಆದೇಶ ಕೈಗೆ ಬರಲು ದಿನಗಳು ಹಿಡಿದವು. ಬಂದದ್ದು ಅಡ್ಮಿಷನ್ನಿನ ಕೊನೆಯ ದಿನ, ಬೆಳಗ್ಗೆ. ಆ ದಿನವೇ ಕಾಲೇಜಿನಲ್ಲಿ ಹೊಸಬರ ಸ್ವಾಗತ ಸಮಾರಂಭ. ಎರಡನೇ ವರ್ಷದವರು ಮೊದಲ ವರ್ಷದವರಿಗೆ ಗುಲಾಬಿ ಕೊಟ್ಟು ಬರಮಾಡಿಕೊಳ್ಳುವುದು ನಮ್ಮಲ್ಲಿನ ವಾಡಿಕೆ.

ಸೂಪರಿಂಟೆಂಡೆಂಟರು ಆದೇಶವನ್ನು ತಿರುಗಿಸಿ ನೋಡಿದರು. ಅದರ ಹಿಂಬದಿಯಲ್ಲೂ ಒಂದು ಸೀಲಿತ್ತು. ಮೊದಲ ಬಾರಿಗೆ ಅವರ ಬಾಯಲ್ಲಿ "ಸರಿ" ಎಂಬ ಮಾತು ಬಂತು. ಕಂಪ್ಯೂಟರಿನ ಮುಂದೆ ಕೂತು ಸರ್ಕಾರದ ಪೋರ್ಟಲ್ ತೆರೆದರು. ಎರಡನೇ ವರ್ಷ ಎಂದು ಒತ್ತಿದರು. ಪೋರ್ಟಲ್ ಅವಳ ಮೊದಲ ವರ್ಷದ ನೋಂದಣಿ ಸಂಖ್ಯೆ ಕೇಳಿತು. ಮಸ್ಕತ್ತಿನ ಸಂಖ್ಯೆ ಹಾಕಿದರು. ಇಂಥ ವಿದ್ಯಾರ್ಥಿ ಇಲ್ಲ ಎಂದಿತು.

"ಇಲ್ಲೇ ನಿಂತಿದೀನಲ್ಲ" ಎಂದಳು ಹುಡುಗಿ, ಕಂಪ್ಯೂಟರಿಗೆ.

ನಾನು ಪೋರ್ಟಲ್ಲಿನ ಸಹಾಯವಾಣಿಗೆ ಫೋನ್ ಮಾಡಿದೆ. ಅತ್ತ ಕಡೆಯವನು ನಿದ್ದೆಗಣ್ಣಿನ ದನಿಯಲ್ಲಿ ಹೇಳಿದ. "ಮೊದಲ ವರ್ಷಕ್ಕೆ ಸೇರಿಸಿ ಸರ್. ನಂಬರ್ ಬರುತ್ತೆ. ಆಮೇಲೆ ಪ್ರಮೋಟ್ ಅಂತ ಬಟನ್ ಇದೆ, ಒತ್ತಿ."

"ಯಾವಾಗ ಒತ್ತಬೇಕು?"

"ನಂಬರ್ ಬಂದ ಮೇಲೆ. ಮಧ್ಯಾಹ್ನ ಬರಬಹುದು. ಸಂಜೆಗೆ ಸರ್ವರ್ ಕ್ಲೋಸು."

ಬೇರೆ ದಾರಿ ಇರಲಿಲ್ಲ. ಸೂಪರಿಂಟೆಂಡೆಂಟರು ಅವಳನ್ನು ಮೊದಲ ವರ್ಷಕ್ಕೆ ಸೇರಿಸಿದರು. ಪೋರ್ಟಲ್ ಅವಳಿಗೆ ಒಂದು ನಂಬರ್ ಕೊಡುತ್ತೇನೆ, ಕಾಯಿರಿ ಎಂದು ಚಕ್ರ ತಿರುಗಿಸತೊಡಗಿತು. ಕಾಯುವುದನ್ನು ನಾವು ಶುರು ಮಾಡಿದೆವು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು, ಮೊದಲ ವರ್ಷದವರು ಒಬ್ಬರೂ ಹೊರಗಿರಕೂಡದು, ಸಭಾಂಗಣಕ್ಕೆ ನಡಿ ಎಂದು ಹುಡುಗಿಯನ್ನು ಅಟ್ಟಿದರು. ಅವಳು ನನ್ನ ಮುಖ ನೋಡಿದಳು. ನಾನು ಚಕ್ರ ನೋಡಿದೆ.

ಸಭಾಂಗಣದ ಬಾಗಿಲಲ್ಲಿ ತಂಗಿ ಕಾಯುತ್ತಿದ್ದಳು. ಅಕ್ಕನಿಗೆ ತನ್ನ ಪಕ್ಕದಲ್ಲೇ ಜಾಗ ಹಿಡಿದಿಟ್ಟಿದ್ದಳು, ಕಿಟಕಿ ಬದಿ ಮಾತ್ರ ತನಗೆ. ಅಕ್ಕನಿಗೂ ಒಂದು ಗುಲಾಬಿ ಸಿಕ್ಕಿತು. ವೇದಿಕೆಗೆ ಕರೆದು ಹೆಸರು, ಊರು, ಹವ್ಯಾಸ ಹೇಳಿಸಿದರು. ತಂಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳಂತೆ.

ಅತ್ತ ಅಪ್ಪನ ಫೋನಿಗೆ ಸರ್ಕಾರದಿಂದ ಮೆಸೇಜ್ ಹೋಯಿತು: ನಿಮ್ಮ ಮಗಳು ಬಿ.ಎಸ್ಸಿ. ಮೊದಲ ವರ್ಷಕ್ಕೆ ದಾಖಲಾಗಿದ್ದಾರೆ, ಅಭಿನಂದನೆಗಳು. ಅಪ್ಪ ಹೊಲಿಗೆ ಅರ್ಧಕ್ಕೆ ಬಿಟ್ಟು ಓಡಿ ಬಂದರು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕತ್ತರಿ. ಕುರ್ಚಿ ಕೊಟ್ಟು, ನೀರು ಕೊಟ್ಟು, ಇದು ಬರೀ ಒಂದು ಹೊತ್ತಿನ ಮೊದಲ ವರ್ಷ ಎಂದು ನಾನು ವಿವರಿಸಿದೆ. ಅವರು ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಚಕ್ರ ನಿಂತಿತು. ನಂಬರ್ ಬಂತು. ಸೂಪರಿಂಟೆಂಡೆಂಟರು ಬಟನ್ ಒತ್ತಿದರು. ಅಪ್ಪನ ಫೋನ್ ಇನ್ನೊಮ್ಮೆ ಸದ್ದು ಮಾಡಿತು: ನಿಮ್ಮ ಮಗಳು ಎರಡನೇ ವರ್ಷಕ್ಕೆ ತೇರ್ಗಡೆಯಾಗಿದ್ದಾರೆ, ಅಭಿನಂದನೆಗಳು.

ಅಪ್ಪ ಎರಡೂ ಮೆಸೇಜುಗಳನ್ನು ಒಂದರ ಕೆಳಗೊಂದು ಇಟ್ಟು ಓದಿದರು. ಆಮೇಲೆ ಸೂಪರಿಂಟೆಂಡೆಂಟರ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು.

"ಸರ್, ಕಂಪ್ಯೂಟರ್ ಹೆಂಗೂ ಆನ್ ಇದೆ. ಮೂರನೇ ವರ್ಷಕ್ಕೂ ಒತ್ತಿಬಿಡ್ತೀರಾ?"

ಸೂಪರಿಂಟೆಂಡೆಂಟರು ಆಗಲ್ಲ ಎನ್ನಲಿಲ್ಲ. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು. "ಟೈಮ್ ಸಾಲಲ್ರೀ" ಎಂದರು.

ಸುದ್ದಿ ಹೇಳಲು ನಾನು ಸಭಾಂಗಣಕ್ಕೆ ಹೋದೆ. ಹುಡುಗಿ ಕೇಳಿಸಿಕೊಂಡಳು, ಥ್ಯಾಂಕ್ಸ್ ಸರ್ ಎಂದಳು, ಎದ್ದಳು. ಎರಡನೇ ವರ್ಷದವರ ಸಾಲಿಗೆ ಹೋಗಿ ಅವರ ಬುಟ್ಟಿಯಿಂದ ಒಂದು ಗುಲಾಬಿ ತೆಗೆದುಕೊಂಡು ತಂಗಿಯ ಬೆಂಚಿಗೆ ವಾಪಸು ಬಂದಳು. ಬಹಳ ವಿನಯದಿಂದ ಚಾಚಿದಳು.

"ನಮ್ಮ ಕಾಲೇಜಿಗೆ ಸ್ವಾಗತ."

ತಂಗಿ ಬಾಯಿ ಬಿಟ್ಟುಕೊಂಡು ನೋಡಿದಳು. "ಆಪಾ, ನೀನು ಈಗ ಇಲ್ಲೇ ನನ್ನ ಪಕ್ಕ ಕೂತಿದ್ಯಲ್ಲ?"

"ಅದು ಹೋದ ವರ್ಷ ಕಣೇ."